ಮಡಿಸಿ ಏಳುವ ವಿದ್ಯೆ

ಪರದೆಯ ಎಡ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಚಿಕ್ಕ ತ್ರಿಕೋನ. ಅದನ್ನು ಒತ್ತಿದರೆ ತಲೆಬರಹದ ಕೆಳಗಿರುವ ಬರಹವೆಲ್ಲ ಮಾಯ, ಇನ್ನೊಮ್ಮೆ ಒತ್ತಿದರೆ ಪ್ರತ್ಯಕ್ಷ. ಕಳೆದ ವಾರ ನಮ್ಮ ಆಫೀಸಿನ ಹೊಸ ಜೂನಿಯರ್ ಲಾಯರ್ ಹುಡುಗಿ ತನ್ನ ಲ್ಯಾಪ್‌ಟಾಪನ್ನು ನನ್ನ ಮೇಜಿನ ಮೇಲಿಟ್ಟು, ಈ ಅರ್ಜಿ ಒಂದು ಸಲ ತಿದ್ದಿಕೊಡಿ ಎಂದಳು. ನೋಡಿದರೆ ಅರ್ಜಿಯೇ ಇಲ್ಲ. ತಲೆಬರಹಗಳು ಮಾತ್ರ ಒಂದರ ಕೆಳಗೊಂದು ಸಾಲಾಗಿ ನಿಂತಿವೆ. ಮಿಕ್ಕದ್ದೆಲ್ಲಿ ಎಂದು ನಾನು ಕೇಳುವ ಮೊದಲೇ ಅವಳು ಆ ತ್ರಿಕೋನವನ್ನು ತಟ್ಟಿದಳು, ಪುಟ ತುಂಬ ಅಕ್ಷರ ಬಿಚ್ಚಿಕೊಂಡಿತು. ನನಗೆ ಮೈ ಉರಿದುಹೋಯಿತು.

ನಾನು ಚಾಮರಾಜನಗರದಲ್ಲಿ ಒಬ್ಬ ವಕೀಲರ ಬಳಿ ಟೈಪಿಸ್ಟ್. ಗಂಡಹೆಂಡಿರ ಜಗಳ, ಅಣ್ಣತಮ್ಮಂದಿರ ಬದುವಿನ ಜಗಳ, ಚೆಕ್ ಬೌನ್ಸು, ಎಲ್ಲವೂ ಎಷ್ಟೋ ವರ್ಷದಿಂದ ನನ್ನ ಬೆರಳಿನ ಕೆಳಗೇ ಹಾದು ಕೋರ್ಟಿಗೆ ಹೋಗುತ್ತಿವೆ. ಅದರಲ್ಲಿ ಮೈ ಉರಿಯುವಂಥದ್ದು ಬೇಕಾದಷ್ಟಿರುತ್ತದೆ, ನಾನು ಉಸಿರೆತ್ತದೆ ಟೈಪ್ ಮಾಡುತ್ತೇನೆ. ಒಂದು ತ್ರಿಕೋನಕ್ಕೆ ಹೀಗಾದದ್ದು ನೋಡಿ ನನಗೇ ಸೋಜಿಗವಾಯಿತು. ಇದನ್ನು ನಿನಗೆ ಯಾರಮ್ಮ ಕಲಿಸಿದ್ದು ಎಂದು ಕೇಳಿದೆ, ಸ್ವರ ಸ್ವಲ್ಪ ಜೋರಾಗಿಯೇ ಬಂತು. ಹುಡುಗಿ ಗುಂಡ್ಲುಪೇಟೆಯವಳು. ಹೈಸ್ಕೂಲಿನ ಬೇಸಿಗೆ ರಜೆಯಲ್ಲಿ ಊಟಿ ರಸ್ತೆಯ ಕಂಪ್ಯೂಟರ್ ಸೆಂಟರಿಗೆ ಹೋಗುತ್ತಿದ್ದಳಂತೆ, ಅಲ್ಲಿನ ಸಾರ್ ಹೇಳಿಕೊಟ್ಟದ್ದಂತೆ. ಮಹಡಿಯ ಮೇಲಾ, ಕೆಳಗೆ ಗೊಬ್ಬರದ ಅಂಗಡಿಯಾ ಎಂದೆ. ಹೌದೆಂದಳು. ಸಾರ್ ಹೋದ ವರ್ಷ ತೀರಿಕೊಂಡರು ಎಂದೂ ಸೇರಿಸಿದಳು. ನಾನು ಲೊಚಗುಟ್ಟಲಿಲ್ಲ. ಅರ್ಜಿ ತಿದ್ದುತ್ತಾ ಕೂತೆ.

ಸತ್ತವರ ಬಗ್ಗೆ ಕೆಟ್ಟ ಮಾತು ಆಡಬಾರದು ಅನ್ನುತ್ತಾರೆ. ಬದುಕಿದ್ದಾಗಲೂ ನಾನು ಆ ಕಂಪ್ಯೂಟರ್ ಮೇಷ್ಟ್ರ ಬಗ್ಗೆ ಒಳ್ಳೆಯದೇನೂ ಆಡಿದವಳಲ್ಲ. ಈಗ ಹೊಸದಾಗಿ ಶುರುಮಾಡಿದರೆ ಅವರ ಆತ್ಮಕ್ಕೇ ಅನುಮಾನ ಬಂದೀತು. ಬರೆಯುವಾಗ ಬಹುವಚನ ಕೊಡುತ್ತಿದ್ದೇನೆ, ಅದು ಕೈಯ ಅಭ್ಯಾಸ. ಮನಸ್ಸು ಏಕವಚನದಲ್ಲೇ ಇದೆ.

ಆಗ ಚಾಮರಾಜನಗರ ಇನ್ನೂ ಹೊಸ ಜಿಲ್ಲೆ. ನಮ್ಮೂರು ಉಡಿಗಾಲ. ಪಿ.ಯು.ಸಿ. ಮುಗಿಸಿ ಮನೆಯಲ್ಲಿ ಕೂತಿದ್ದೆ. ಕಂಪ್ಯೂಟರ್ ಕಲಿತರೆ ಹೊಸ ಕಚೇರಿಗಳಲ್ಲಿ ಕೆಲಸ ಸಿಗುತ್ತದೆ ಎಂದು ಯಾರೋ ಅಪ್ಪನ ಕಿವಿಯಲ್ಲಿ ಊದಿದರು. ಅಪ್ಪ ಸಂತೆಮರಹಳ್ಳಿಯ ಒಂದು ಸೊಸೈಟಿಯಲ್ಲಿ ಅಟೆಂಡರ್. ಮೇಜಿನ ಆಚೆ ಕೂತವರು ಯಾರೇ ಆಗಲಿ, ಅವರ ಮುಂದೆ ಅಪ್ಪನ ಬೆನ್ನು ತಾನಾಗಿಯೇ ಬಾಗುತ್ತಿತ್ತು. ಅಂಥವರು ನನ್ನನ್ನು ಕರೆದುಕೊಂಡು ಗುಂಡ್ಲುಪೇಟೆಯ ಆ ಮಹಡಿ ಹತ್ತಿದರು.

ಮೇಷ್ಟ್ರು ಮೊದಲು ಟೈಪ್‌ರೈಟಿಂಗ್ ಹೇಳಿಕೊಡುತ್ತಿದ್ದವರು. ಕಂಪ್ಯೂಟರ್ ಬರುತ್ತಿದೆ ಎಂದು ತಿಳಿದ ಕೂಡಲೇ ಮೈಸೂರಿಗೆ ಹೋಗಿ ಕೆಲವು ದಿನ ಇದ್ದು ಬಂದು, ಬೋರ್ಡು ಬದಲಾಯಿಸಿಬಿಟ್ಟರು. ಅಳಿದೂರಿಗೆ ಉಳಿದವನೇ ಗೌಡ. ಊರಲ್ಲಿ ಬೇರೆ ಯಾರಿಗೂ ಆ ವಿದ್ಯೆ ಗೊತ್ತಿರಲಿಲ್ಲವಾದ್ದರಿಂದ ಇವರಿಗೆ ಎಷ್ಟು ಗೊತ್ತು ಎಂದು ಅಳೆಯುವವರೂ ಇರಲಿಲ್ಲ. ಕಡುನೀಲಿ ಸಫಾರಿ, ಜೇಬಿನಲ್ಲಿ ಎರಡು ಪೆನ್ನು, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕೂದಲು. ಮಾತಿನ ನಡುವೆ ಇಂಗ್ಲಿಷ್ ಪದವೊಂದನ್ನು ಹಾಕಿ, ಅದು ನಮಗೆ ಅರ್ಥವಾಗಲಿಲ್ಲ ಎಂದು ಖಚಿತವಾದ ಮೇಲೆ ಮುಂದಕ್ಕೆ ಹೋಗುತ್ತಿದ್ದರು. ಚಪ್ಪಲಿ ಬಾಗಿಲ ಹೊರಗೆ ಬಿಡಬೇಕು. ಫ್ಯಾನು ಕಂಪ್ಯೂಟರಿನ ಕಡೆ ತಿರುಗಿರಬೇಕು, ನಮ್ಮ ಕಡೆ ಅಲ್ಲ. ನಾವು ಬೆವರಿದರೆ ಚಿಂತೆಯಿಲ್ಲ, ಅದು ಬಿಸಿಯಾಗಬಾರದು.

ಅಪ್ಪನಿಗೆ ಅವರು ತೋರಿಸಿದ್ದು ಒಂದೇ ಆಟ. ಪರದೆ ತುಂಬ ಇಂಗ್ಲಿಷ್ ಬರಹ ಇತ್ತು. ಪ್ರತಿ ತಲೆಬರಹದ ಪಕ್ಕದಲ್ಲಿ ಕೂಡುವ ಲೆಕ್ಕದ ಗುರುತು. ಮೇಷ್ಟ್ರು ಮೌಸನ್ನು ಗಂಧ ತೇಯುವ ಹಾಗೆ ಒಂದು ಸುತ್ತು ಆಡಿಸಿ ಆ ಗುರುತನ್ನು ಟಕಟಕ ಎನಿಸಿದರು. ಬರಹವೆಲ್ಲ ತಲೆಬರಹದ ಒಳಕ್ಕೆ ಸರಕ್ಕನೆ ಎಳೆದುಕೊಂಡಿತು, ಕೆಳಗೆ ಒಂದು ಬೂದು ಗೆರೆ ಮಾತ್ರ ಉಳಿಯಿತು.

"ಎಲ್ಲೋಯ್ತು ಸಾ?" ಎಂದರು ಅಪ್ಪ.

"ಎಲ್ಲೂ ಓಗಿಲ್ಲ ಯಜಮಾನ್ರೆ, ಒಳ್ಗೇ ಅದೆ," ಎಂದು ಮೇಷ್ಟ್ರು ಮತ್ತೆ ಟಕಟಕ ಎನಿಸಿದರು. ಬರಹ ವಾಪಸು ಬಂತು. ಅಪ್ಪ ಕೈಯನ್ನು ಎದೆಯ ಮೇಲಿಟ್ಟುಕೊಂಡು ನಿಂತಿದ್ದರು. ಸಂತೆಯಲ್ಲಿ ಗಾರುಡಿಯವನು ಟೋಪಿಯಿಂದ ಪಾರಿವಾಳ ತೆಗೆದರೆ ಜನ ಹೀಗೇ ನಿಲ್ಲುತ್ತಾರೆ, ಆದರೆ ಅವನ ಕೈಗೆ ಯಾರೂ ಮಗಳ ಭವಿಷ್ಯ ಒಪ್ಪಿಸುವುದಿಲ್ಲ. ನಾನು ಅಲ್ಲಿಗೆ ಸೇರಿದ್ದು ಹೀಗೆ. ನನ್ನಂತೆ ಬಂದವರೆಲ್ಲ, ಬೇಗೂರಿನವರು, ತೆರಕಣಾಂಬಿಯವರು, ಸೇರಿದ್ದೂ ಹೀಗೆಯೇ. ಯಾರು ಮಹಡಿ ಹತ್ತಿ ಬಂದರೂ ಅದೇ ಆಟ, ಅದೇ ಟಕಟಕ, ಅದೇ "ಒಳ್ಗೇ ಅದೆ".

ಅದನ್ನು ಅವರು ನಮಗೆ ಕಲಿಸಿದ ಬಗೆಯನ್ನೂ ಹೇಳಬೇಕು. ಮೊದಲನೆಯ ದಿನವೇ ಕೇಳಿದರು, ಮದುವೆ ಮನೆಯಲ್ಲಿ ಊಟ ಆದಮೇಲೆ ಏನು ಮಾಡುತ್ತೀರಿ? ಎಲೆ ಮಡಿಸುತ್ತೇವೆ ಎಂದೆವು. ಮಡಿಸದೆ ಎದ್ದರೆ? ಉಂಡ ಮನೆಗೆ ಮರ್ಯಾದೆ ಕೊಡದ ಹಾಗೆ ಎಂದೆವು. ಹಾಗೆಯೇ ಟೈಪ್ ಮಾಡಿದ್ದನ್ನು ಮಡಿಸದೆ ಕಂಪ್ಯೂಟರ್ ಮುಂದಿನಿಂದ ಏಳಬಾರದು ಎಂದರು. ಅಷ್ಟೇ, ಅದು ನಮಗೆ ಶಾಸ್ತ್ರವಾಯಿತು. ಒಂದು ಪುಟ ಟೈಪ್ ಮಾಡು, ತಲೆಬರಹ ಕೊಡು, ಮಡಿಸು, ಏಳು. ಯಾರಾದರೂ ಮರೆತು ಎದ್ದರೆ ಹಿಂದಿನಿಂದ "ಮಡಿಸ್ಬುಟ್ಟು ಏಳಮ್ಮಿ" ಎಂದು ಕೂಗುತ್ತಿದ್ದರು. ಕೆಲವು ವಾರದಲ್ಲಿ ನಮ್ಮ ಬೆರಳು ತಾನಾಗಿಯೇ ಮಡಿಸತೊಡಗಿತು. ಬಚ್ಚಲಿಂದ ಬಂದವರು ಕಾಲು ಒರೆಸಿಕೊಳ್ಳುವ ಹಾಗೆ, ಯೋಚನೆಯೇ ಇಲ್ಲದೆ.

ಈಗ ಯೋಚಿಸಿದರೆ ಅವರಿಗೆ ಮಡಿಸಿದ ಪುಟ ಯಾಕೆ ಅಷ್ಟು ಇಷ್ಟ ಎಂದು ಗೊತ್ತಾಗುತ್ತದೆ. ಬಿಚ್ಚಿದ ಪುಟದಲ್ಲಿ ಓದುವುದಿರುತ್ತದೆ, ತಪ್ಪಿರುತ್ತದೆ, ಯಾರಾದರೂ ಬೆರಳಿಟ್ಟು ಇದೇನು ಸಾರ್ ಎಂದು ಕೇಳುವುದಿರುತ್ತದೆ. ಇಂಗ್ಲಿಷ್ ವಾಕ್ಯ ಉದ್ದವಾದರೆ ಮೇಷ್ಟ್ರಿಗೆ ದಿಕ್ಕು ತಪ್ಪುತ್ತಿತ್ತು. ನಾನೊಮ್ಮೆ ಒಂದು ಪದದ ಅರ್ಥ ಕೇಳಿದೆ, ಅವರು ಪರದೆಯನ್ನು ಸ್ವಲ್ಪ ಹೊತ್ತು ನೋಡಿ, "ಅದ್ ಮುಂದಿನ್ ಕೋರ್ಸ್‌ನಲ್ಲಿ ಬತ್ತದೆ ಕಣಮ್ಮಿ" ಎಂದು ಆ ಭಾಗವನ್ನೇ ಮಡಿಸಿಬಿಟ್ಟರು. ಮುಂದಿನ ಕೋರ್ಸು ಎಂಬುದೊಂದು ಅಲ್ಲಿ ಇರಲೇ ಇಲ್ಲ. ಹೊರಗೆ ಥಳುಕು, ಒಳಗೆ ಹುಳುಕು ಅನ್ನುವ ಗಾದೆಗೆ ಕೈಕಾಲು ಬಂದು ಸಫಾರಿ ತೊಟ್ಟರೆ ಹೇಗಿರಬಹುದೋ ಹಾಗಿದ್ದರು.

ಪ್ರಿಂಟರ್ ವಿಷಯ ಇನ್ನೂ ಚೆಂದ. ಕೋಣೆಯ ಮೂಲೆಯಲ್ಲಿ ಒಂದು ಎತ್ತರದ ಸ್ಟೂಲು, ಅದರ ಮೇಲೆ ಜರಿ ಅಂಚಿನ ಕುಂಕುಮ ಬಣ್ಣದ ಮಖಮಲ್ ಬಟ್ಟೆ ಹೊದಿಸಿಕೊಂಡು ಪ್ರಿಂಟರ್ ಕೂತಿರುತ್ತಿತ್ತು. ಬಟ್ಟೆಯ ಹತ್ತಿರ ಹೋದರೆ ನುಸಿಗುಳಿಗೆಯ ವಾಸನೆ. ಶುಕ್ರವಾರ ಅದಕ್ಕೆ ಹೂವು, ಆಯುಧಪೂಜೆಗೆ ಬೂದುಗುಂಬಳ. ಧೂಳು ಕೂತರೆ ಕೆಟ್ಟುಹೋಗುತ್ತದೆ, ಮುಟ್ಟಬಾರದು ಎಂದು ಕಟ್ಟಪ್ಪಣೆ. ಪ್ರಿಂಟ್ ತೆಗೆಯುವುದನ್ನು ಯಾವಾಗ ಕಲಿಸುತ್ತೀರಿ ಎಂದರೆ, ಅದೇನು ಮಹಾ, ಒಂದು ಗುಂಡಿ ಒತ್ತಿದರೆ ಬರುತ್ತದೆ ಅನ್ನುತ್ತಿದ್ದರು. ನಮಗೂ ಅದು ಸರಿಯೆನಿಸಿತು. ನಾವು ಆ ಬಟ್ಟೆಯ ಕಡೆ ನೋಡುವಾಗ ಅರೆಗಣ್ಣು ಮುಚ್ಚುತ್ತಿದ್ದೆವು ಎಂದು ಹೇಳಲು ನನಗೆ ಈಗಲೂ ನಾಚಿಕೆಯಾಗುತ್ತದೆ...

ಇಷ್ಟಿದ್ದರೂ ನನ್ನ ಬೆರಳು ಓಡುತ್ತಿತ್ತು. ಅದು ಮೇಷ್ಟ್ರ ಕೃಪೆಯಲ್ಲ, ನನ್ನ ಹಸಿವು. ನನ್ನ ಅವ್ವ ಊರವರ ಹೊಲದಲ್ಲಿ ಅರಿಶಿನ ಕೀಳುವ ಕೂಲಿಗೆ ಹೋಗುತ್ತಿದ್ದಳು, ಕೊಪ್ಪರಿಗೆಯಲ್ಲಿ ಬೇಯಿಸುವ ಕೆಲಸವೂ ಅವಳದೇ. ಅವಳ ಉಗುರಿನ ಸಂದಿಯ ಹಳದಿ ವರ್ಷಪೂರ್ತಿ ಹೋಗುತ್ತಿರಲಿಲ್ಲ. ಕುದೇರಿನಿಂದ ನನಗೊಂದು ಸಂಬಂಧ ಬಂದಿತ್ತು, ರೇಷ್ಮೆ ಸಾಕುವ ಮನೆ, ಹುಡುಗನ ಬಗ್ಗೆ ಹೇಳಲು ಏನೂ ದೋಷವಿರಲಿಲ್ಲ. ನನಗೆ ಹುಡುಗ ಬೇಡವಾಗಿರಲಿಲ್ಲ, ತಲೆಯ ಮೇಲೆ ಹೊರುವ ಸೊಪ್ಪಿನ ಮಂಕರಿ ಬೇಡವಾಗಿತ್ತು. ಫ್ಯಾನಿನ ಕೆಳಗೊಂದು ಕುರ್ಚಿ, ತಿಂಗಳಾದರೆ ನನ್ನ ಹೆಸರಿಗೇ ಬರುವ ಸಂಬಳ, ಅಷ್ಟೇ ನನ್ನ ಆಸೆ. ಹೊಸ ಜಿಲ್ಲೆಯ ಒಂದು ಕಚೇರಿಗೆ ಕಂಪ್ಯೂಟರ್ ಆಪರೇಟರ್ ಬೇಕೆಂದು ಕರೆ ಬಂದಾಗ ಅಪ್ಪ ಒಂದು ತೀರ್ಮಾನ ಕೊಟ್ಟರು. ಕೆಲಸ ಸಿಕ್ಕಿದರೆ ಕುದೇರಿನವರಿಗೆ ಕೈಮುಗಿದು ಬೇಡ ಎನ್ನುವುದು, ಸಿಗದಿದ್ದರೆ ನಾನು ಇನ್ನು ಮಾತಾಡದೆ ಒಪ್ಪಿಕೊಳ್ಳುವುದು. ನಾನು ಆಗಲಿ ಎಂದೆ. ಗೆಲ್ಲುತ್ತೇನೆಂಬ ಧೈರ್ಯ ಇತ್ತು.

ಪರೀಕ್ಷೆ ಚಾಮರಾಜನಗರದಲ್ಲಿ. ನಮ್ಮ ಸೆಂಟರಿನಿಂದ ಮೂವರು ಹೋಗಿದ್ದೆವು, ನಾನು, ಬೇಗೂರಿನವಳು, ತೆರಕಣಾಂಬಿಯವಳು. ಕುಡಿಯುವ ನೀರಿನ ಬಗ್ಗೆ ಇಂಗ್ಲಿಷಿನ ಒಂದು ವರದಿ ಕೊಟ್ಟರು. ಟೈಪ್ ಮಾಡಿ, ತಲೆಬರಹಗಳನ್ನು ಜೋಡಿಸಿ, ಪ್ರಿಂಟ್ ಕೊಟ್ಟು ಹೊರಗೆ ಹೋಗಬೇಕು. ಕಾಗದದ ಮೇಲೆ ಬಂದದ್ದನ್ನು ನೋಡಿ ಆಯ್ಕೆ. ಹಾಲಿನಲ್ಲಿ ಎಲ್ಲರಿಗಿಂತ ಮೊದಲು ಮುಗಿಸಿದವಳು ನಾನೇ. ಅಕ್ಕಪಕ್ಕದವರು ಇನ್ನೂ ಎರಡನೆಯ ಪುಟದಲ್ಲಿ ಒಂದೊಂದೇ ಅಕ್ಷರ ಹುಡುಕುತ್ತಿದ್ದರು. ನಾನು ಒಂದು ಸಲ ಮೇಲಿನಿಂದ ಕೆಳಗೆ ಓದಿದೆ, ತಪ್ಪಿರಲಿಲ್ಲ. ಆಮೇಲೆ ಕೈ ತನ್ನ ಕೆಲಸ ಮಾಡಿತು. ಒಂದೊಂದೇ ತಲೆಬರಹ, ಟಕಟಕ, ಟಕಟಕ. ಉಂಡ ಎಲೆ ಮಡಿಸಿದ ಹಾಗೆ ಅಚ್ಚುಕಟ್ಟಾಗಿ ಮಡಿಸಿ, ಪ್ರಿಂಟ್ ಕೊಟ್ಟು ಎದ್ದೆ. ಮೂಲೆಯಲ್ಲಿ ಪ್ರಿಂಟರ್ ಕರಕರ ಎಂದು ಬೇಗ ನಿಂತಿತು. ಸರ್ಕಾರದ ಪ್ರಿಂಟರ್ ಎಷ್ಟು ಚುರುಕು ಎಂದುಕೊಂಡು ಹೊರಗೆ ಹೋಗಿ ಹೊಂಗೆ ಮರದ ಕೆಳಗೆ ಕೂತೆ. ಆ ನೆರಳಿನಲ್ಲಿ ಕೂತು ನಾನು ನನ್ನ ಕುರ್ಚಿ ಕಿಟಕಿಯ ಪಕ್ಕ ಇದ್ದರೆ ಒಳ್ಳೆಯದು ಎಂದು ಯೋಚಿಸುತ್ತಿದ್ದೆ.

ಮಿಕ್ಕಿಬ್ಬರೂ ಮುಗಿಸಿ ಬಂದ ಮೇಲೆ ನಮ್ಮ ಮೂವರನ್ನೂ ಒಳಗೆ ಕರೆದರು. ಮೈಸೂರಿನಿಂದ ಬಂದಿದ್ದ ಅಧಿಕಾರಿ, ಕನ್ನಡಕ ಹಣೆಯ ಮೇಲೆ ಏರಿಸಿಕೊಂಡವರು. ಅವರ ಕೈಯಲ್ಲಿ ಮೂರು ಹಾಳೆ. ಪ್ರತಿಯೊಂದರಲ್ಲೂ ತಲೆಬರಹಗಳು ಮಾತ್ರ, ಮಿಕ್ಕಿದ್ದೆಲ್ಲ ಬಿಳಿ. ನೀವು ಮೂವರೂ ಒಂದೇ ಕಡೆ ಕಲಿತವರಾ ಎಂದು ಕೇಳಿದರು. ಹೌದೆಂದೆವು. ಉಳಿದದ್ದೆಲ್ಲಿ ಎಂದರು.

"ಒಳ್ಗೇ ಅದೆ ಸಾರ್. ಮಡಿಸಿದೀನಿ," ಎಂದೆ.

ಹಾಲಿನಲ್ಲಿ ಕೂತವರೆಲ್ಲ ನಕ್ಕರು. ಅಧಿಕಾರಿ ನಗಲಿಲ್ಲ, ಅದಕ್ಕೆ ಅವರಿಗೆ ಇವತ್ತಿಗೂ ಕೃತಜ್ಞಳು. ಆದರೆ ಕಾಗದದ ಮೇಲೆ ಬಂದದ್ದಷ್ಟೇ ಲೆಕ್ಕ ತಾಯಿ ಎಂದರು. ನಾನು ಕೂತಿದ್ದ ಕಂಪ್ಯೂಟರಿನ ಮುಂದೆ ಆಗಲೇ ಇನ್ನೊಬ್ಬ ಹುಡುಗ ಕೂತಿದ್ದ, ನಾನು ಟೈಪ್ ಮಾಡಿದ್ದನ್ನು ಅಳಿಸಿ ಅವನಿಗೆ ಹೊಸ ಹಾಳೆ ಕೊಟ್ಟಾಗಿತ್ತು. ಅಲ್ಲಿನ ಸಹಾಯಕ ಪಾಪ ನಮ್ಮನ್ನು ಪಕ್ಕಕ್ಕೆ ಕರೆದು ಹೇಳಿದ. ತಲೆಬರಹ ಮಡಿಸುವ ಆ ಬಗೆಯ ನೋಟದಲ್ಲಿ ಇದ್ದುಕೊಂಡು ಪ್ರಿಂಟ್ ಕೊಟ್ಟರೆ ಕಣ್ಣಿಗೆ ಕಾಣುವುದಷ್ಟೇ ಕಾಗದಕ್ಕೆ ಬರುತ್ತದಂತೆ, ಮಡಿಸಿದ್ದು ಬರುವುದಿಲ್ಲವಂತೆ. ಬಿಚ್ಚಿ ಕೊಡಬೇಕಿತ್ತು. ಇಷ್ಟು ಹೇಳಲು ಅವನಿಗೆ ಒಂದು ನಿಮಿಷ ಹಿಡಿಯಲಿಲ್ಲ. ನಮ್ಮ ಮೇಷ್ಟ್ರಿಗೆ ಅದನ್ನು ಹೇಳಲು ಒಂದು ಇಡೀ ಕೋರ್ಸು ಸಾಕಾಗಿರಲಿಲ್ಲ. ಹೇಳುವುದಾದರೂ ಹೇಗೆ, ಅವರಿಗೆ ಗೊತ್ತಿದ್ದರೆ ತಾನೆ.

ಉಡಿಗಾಲಕ್ಕೆ ಬಂದು ಅವ್ವನಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವಳಿಗೆ ಕಂಪ್ಯೂಟರ್ ಎಂದರೆ ಏನೆಂದು ಗೊತ್ತಿಲ್ಲ. ರಾಗಿ ಬೀಸುತ್ತಿದ್ದವಳು ಗೂಟ ಹಿಡಿದ ಕೈ ನಿಲ್ಲಿಸಿ ಕೇಳಿಸಿಕೊಂಡಳು. "ಮಡ್ಸಿದ್ ಎಲೆಗೆ ಯಾರವ್ವ ಬಡ್ಸಾರು?" ಎಂದಳು. ನನ್ನನ್ನು ಬೈದದ್ದಲ್ಲ, ನಿಜವಾಗಿಯೂ ಕೇಳಿದ್ದು. ಅಪ್ಪ ನಾಳೆ ಗುಂಡ್ಲುಪೇಟೆಗೆ ಹೋಗಬೇಕು, ರೆಡಿಯಾಗಿರು ಎಂದಷ್ಟೇ ಹೇಳಿ ಮಲಗಿದರು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ನಾನು ಬಾಯಲ್ಲೇ ಜಗಳ ತಾಲೀಮು ಮಾಡುತ್ತಿದ್ದೆ. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಅಪ್ಪ ಯಾರ ಮೇಲೂ ದನಿಯೆತ್ತಿದವರಲ್ಲ, ಇವತ್ತಾದರೂ ಮಗಳಿಗೋಸ್ಕರ ಎತ್ತುತ್ತಾರೆ ಎಂದು ನನಗೆ ಒಂಥರಾ ಹೆಮ್ಮೆಯೂ ಆಗಿತ್ತು. ನಮ್ಮ ಕಥೆ ಕೇಳಿ ಮೇಷ್ಟ್ರು ಎದೆಯೊಡೆದು ಕೂತಿರುತ್ತಾರೆ, ಕ್ಷಮಿಸು ಎನ್ನುತ್ತಾರೆ, ಚಾಮರಾಜನಗರಕ್ಕೆ ಬಂದು ಆ ಅಧಿಕಾರಿಯ ಹತ್ತಿರ ತಪ್ಪು ನನ್ನದು, ಹುಡುಗಿಯರಿಗೆ ಇನ್ನೊಂದು ಅವಕಾಶ ಕೊಡಿ ಎಂದು ಕೇಳುತ್ತಾರೆ... ಹೀಗೆಲ್ಲ ಅಂದುಕೊಳ್ಳುವ ವಯಸ್ಸು ಅದು.

ಮೇಷ್ಟ್ರು ಹೊಸ ಬ್ಯಾಚಿಗೆ ಪಾಠ ಮಾಡುತ್ತಿದ್ದರು. ಬೇಗೂರಿನವಳಿಂದ ಅವರಿಗೆ ಆಗಲೇ ಸುದ್ದಿ ಮುಟ್ಟಿತ್ತು. ನಮ್ಮನ್ನು ನೋಡಿ ಮುಖದ ಒಂದು ಗೆರೆಯೂ ಅಲುಗಲಿಲ್ಲ. ನಾನು ಅಷ್ಟು ದೂರ ತಾಲೀಮು ಮಾಡಿಕೊಂಡು ಬಂದದ್ದನ್ನು ಒಂದೇ ಉಸಿರಿಗೆ ಹೇಳಿದೆ. ಅವರು ಕೇಳಿ, ಜೇಬಿನ ಪೆನ್ನು ಸರಿಮಾಡಿಕೊಂಡು, "ಮಡಿಸು ಅಂತ ಕಲಿಸ್ದೆ ಕಣಮ್ಮಿ. ಮಡಿಸ್ಬುಟ್ಟು ಪ್ರಿಂಟ್ ಕೊಡು ಅಂತ ಯಾವತ್ತಾರ ಹೇಳಿದ್ನಾ?" ಎಂದರು. ಹೊಸ ಬ್ಯಾಚಿನ ಕಡೆ ತಿರುಗಿ, ನೋಡಿ, ಅರ್ಧ ಕಲಿತು ಅವಸರಪಟ್ಟರೆ ಹೀಗಾಗುತ್ತದೆ ಎಂದು ಪಾಠಕ್ಕೇ ಸೇರಿಸಿಕೊಂಡರು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ಕುಣಿಸಲು ಬಾರದವನು ಕಾಲೇ ಡೊಂಕು ಎನ್ನುತ್ತಿದ್ದ. ನನಗೆ ಏನಾಯಿತೋ, ನೇರ ಮೂಲೆಗೆ ಹೋಗಿ ಆ ಮಖಮಲ್ ಬಟ್ಟೆಯನ್ನು ಹಿಡಿದೆಳೆದೆ. ಪ್ರಿಂಟ್ ತೆಗೆದು ತೋರಿಸಿ ಸಾರ್, ಈಗಲೇ ಇಲ್ಲೇ ತೋರಿಸಿ ಎನ್ನಬೇಕೆಂದಿದ್ದೆ. ಬಟ್ಟೆ ಜಾರಿ ಬಿತ್ತು. ಕೆಳಗೆ ಪ್ರಿಂಟರ್ ಇರಲಿಲ್ಲ. ಅವರ ಹಳೆಯ ಕಾಲದ ಟೈಪ್‌ರೈಟರ್ ಒಂದಿತ್ತು, ಎರಡು ಕೀಲಿ ಮುರಿದದ್ದು. ಅದರ ಹಣೆಗೆ ಕುಂಕುಮ.

ರಸ್ತೆಯಲ್ಲಿ ಕೇರಳಕ್ಕೆ ಹೋಗುವ ಲಾರಿಯೊಂದು ಏರು ಹತ್ತುವ ಸದ್ದು ಕೇಳುತ್ತಿತ್ತು. ನಾನು ಅಪ್ಪನ ಮುಖ ನೋಡಿದೆ. ಈಗಲಾದರೂ ಅರ್ಥವಾಯಿತಲ್ಲ, ಈಗ ಮಾತಾಡಿ ಎಂದು. ಮೇಷ್ಟ್ರು ಬಗ್ಗಿ ಬಟ್ಟೆ ಎತ್ತಿಕೊಂಡು ಕೊಡವಿದರು. ಪ್ರಿಂಟರ್ ಮೈಸೂರಿಗೆ ರಿಪೇರಿಗೆ ಹೋಗಿದೆ, ಜಾಗ ಬರಿದಾಗಿ ಇರಬಾರದೆಂದು ಇದನ್ನು ಇಟ್ಟಿದ್ದೇನೆ ಎಂದರು. ಅಂಥ ಹಸಿ ಸುಳ್ಳನ್ನು ಕಣ್ಣು ಮಿಟುಕಿಸದೆ ಹೇಳಿದ್ದನ್ನು ನಾನು ಆಮೇಲೆ ಕೋರ್ಟಿನಲ್ಲೂ ಹೆಚ್ಚು ಕಂಡಿಲ್ಲ.

ಆಗ ಅಪ್ಪ ಮುಂದೆ ಬಂದರು. ಬೆನ್ನು ಬಾಗಿತ್ತು, ಎರಡು ಕೈಯೂ ಕೂಡಿದ್ದವು.

"ನಿಮ್ಮ ಹೆಸ್ರು ಕೆಡಿಸ್ಬುಟ್ಲು ಸಾ. ಮುಟ್ಬಾರ್ದುನ್ನ ಮುಟ್ಬುಟ್ಲು. ಹೆಣ್ಮಗ, ತೆಪ್ಪು ತಿಳ್ಕಬ್ಯಾಡಿ," ಎಂದರು.

ಮೇಷ್ಟ್ರು ದೊಡ್ಡ ಮನಸ್ಸು ಮಾಡಿದರು. "ಆಗ್ಲಿ ಬುಡಿ ಯಜಮಾನ್ರೆ. ಮಕ್ಳು," ಎಂದು ಕ್ಷಮಿಸಿದರು. ಕ್ಷಮಿಸಿಯೇಬಿಟ್ಟರು ಪುಣ್ಯಾತ್ಮರು. ನನ್ನ ಅಪ್ಪನನ್ನು ನನ್ನೆದುರಿಗೇ ಕೈಮುಗಿಸಿಕೊಂಡು, ಆ ನಮಸ್ಕಾರವನ್ನು ತಮಗೆ ಸಲ್ಲಬೇಕಾದದ್ದೇ ಎಂಬಂತೆ ಸ್ವೀಕರಿಸಿದ ಮನುಷ್ಯ. ಕೆಲಸ ಹೋದದ್ದಕ್ಕೆ ನಾನು ಅವರನ್ನು ಎಂದಾದರೂ ಕ್ಷಮಿಸುತ್ತಿದ್ದೆನೇನೋ. ಇದಕ್ಕೆ ಮಾತ್ರ ಆಗಲಿಲ್ಲ, ಆಗುವುದೂ ಇಲ್ಲ. ಗುರುಗಳ ಮುಂದೆ ಹಾಗೆ ನಡೆದುಕೊಳ್ಳಬಾರದು ಎಂದು ಅಪ್ಪ ವಾಪಸು ಬಸ್ಸಿನಲ್ಲಿ ಮೆಲ್ಲಗೆ ಬುದ್ಧಿ ಹೇಳಿದರು. ನಾನು ಕಿಟಕಿಯಾಚೆ ನೋಡುತ್ತಾ ಕೂತೆ. ಅಪ್ಪನ ಮೇಲೆ ಸಿಟ್ಟು ಮಾಡಲು ನನಗೆ ಬರಲಿಲ್ಲ, ಆ ಸಿಟ್ಟನ್ನೂ ಮೇಷ್ಟ್ರ ಲೆಕ್ಕಕ್ಕೇ ಹಾಕಿದೆ.

ಕುದೇರಿನವರು ಬಂದರು. ನಾನು ಮಾತು ಕೊಟ್ಟಿದ್ದೆನಲ್ಲ, ಒಪ್ಪಿಕೊಂಡೆ. ಗಂಡ ಒಳ್ಳೆಯವರೇ, ಆ ಬಗ್ಗೆ ನನ್ನ ತಕರಾರಿಲ್ಲ. ಹಿಪ್ಪುನೇರಳೆ ಸೊಪ್ಪು ಕೊಯ್ದು, ಹುಳಕ್ಕೆ ಹಾಕಿ, ಅದು ಗೂಡು ಕಟ್ಟುವ ಬಿದಿರಿನ ಚಂದ್ರಿಕೆ ತೊಳೆದು ಕೆಲವು ವರ್ಷ ಕಳೆಯಿತು. ಮಕ್ಕಳು ಶಾಲೆಗೆ ಸೇರಿದ ಮೇಲೆ ಗಂಡನೇ, ಬರೋ ವಿದ್ಯೆ ಯಾಕೆ ಹಾಳು ಮಾಡ್ಕೋತೀಯ ಎಂದು ವಕೀಲರ ಹತ್ತಿರ ಸೇರಿಸಿದರು. ಕುರ್ಚಿ ಸಿಕ್ಕಿತು, ಫ್ಯಾನೂ ಇದೆ. ಆದರೆ ಇದು ಅದಲ್ಲ. ಸಂಬಳ ವಕೀಲರ ಜೇಬು ಬೆಚ್ಚಗಿದ್ದಾಗ ಬರುತ್ತದೆ, ಪಿಂಚಣಿ ಎಂಬುದಿಲ್ಲ. ಸರ್ಕಾರಿ ಕಚೇರಿಗೆ ನಕಲು ಪ್ರತಿ ತರಲು ಹೋದಾಗ ಒಳಗೆ ಕಿಟಕಿಯ ಪಕ್ಕ ಕೂತ ಹೆಂಗಸರನ್ನು ನಾನು ಬೇಕೆಂದೇ ನೋಡುವುದಿಲ್ಲ. ಅಪ್ಪ ತೀರಿಹೋಗಿ ವರ್ಷಗಳಾದವು. ಕೊನೆಯವರೆಗೂ ಅವರು ಮಗಳು ಒಬ್ಬ ದೊಡ್ಡ ಮನುಷ್ಯರ ಹೆಸರು ಕೆಡಿಸಿದಳು ಎಂದೇ ನಂಬಿದ್ದರು...

ಅರ್ಜಿ ತಿದ್ದಿ ಮುಗಿಸಿ ಲ್ಯಾಪ್‌ಟಾಪನ್ನು ಆ ಹುಡುಗಿಗೆ ವಾಪಸು ಕೊಟ್ಟೆ. ಬಾಯಿ ಸುಮ್ಮನಿರಲಿಲ್ಲ. ಮಡಿಸಿದ್ದನ್ನು ಬಿಚ್ಚದೆ ಪ್ರಿಂಟ್ ಕೊಟ್ಟರೆ ಏನಾಗುತ್ತದೆ ಎಂದು ನಿಮ್ಮ ಸಾರ್ ಹೇಳಿಕೊಟ್ಟಿದ್ದರಾ ಎಂದು ಕೇಳಿದೆ.

ಹುಡುಗಿ ನಕ್ಕಳು. ಮೊದಲನೇ ಕ್ಲಾಸೇ ಅದು ಮೇಡಂ ಎಂದಳು. ಉಡಿಗಾಲದ ಹುಡುಗಿಯ ಕಥೆ ಹೇಳದೆ ಸಾರ್ ಯಾವ ಬ್ಯಾಚನ್ನೂ ಶುರುಮಾಡುತ್ತಿರಲಿಲ್ಲವಂತೆ. ಉಡಿಗಾಲದಿಂದ ಒಬ್ಬ ಹುಡುಗಿ ಬರುತ್ತಿದ್ದಳು, ಅವಳ ಹಾಗೆ ಟೈಪ್ ಮಾಡುವವರನ್ನು ನಾನು ಇವತ್ತಿನವರೆಗೆ ಕಂಡಿಲ್ಲ, ಅಂಥವಳು ಅವಸರದಲ್ಲಿ ಬಿಚ್ಚದೆ ಪ್ರಿಂಟ್ ಕೊಟ್ಟುಬಿಟ್ಟಳು, ನೀವು ಹಾಗೆ ಮಾಡ್ಬೇಡಿ ಎನ್ನುತ್ತಿದ್ದರಂತೆ. ಪ್ರಿಂಟ್ ಗುಂಡಿ ಒತ್ತುವ ಮುಂಚೆ ಉಡಿಗಾಲದವಳನ್ನು ಒಮ್ಮೆ ನೆನೆಸಿಕೊಳ್ಳಬೇಕಂತೆ, ಅದು ಅವರ ನಿಯಮವಂತೆ.

ಎಂಥ ಮನುಷ್ಯ ನೋಡಿ. ನನ್ನ ಬದುಕು ಮುರಿದದ್ದನ್ನೂ ಬಿಡದೆ ಮೊದಲನೇ ಪಾಠ ಮಾಡಿಕೊಂಡಿದ್ದರು. ಮಖಮಲ್ ಬಟ್ಟೆ ಅದರಲ್ಲಿ ಇಲ್ಲ, ಮುರಿದ ಟೈಪ್‌ರೈಟರ್ ಇಲ್ಲ, ಕೈಮುಗಿದು ನಿಂತ ನನ್ನ ಅಪ್ಪ ಇಲ್ಲ. ಆ ಹುಡುಗಿ ಆಮೇಲೆ ಏನಾದಳಂತೆ ಎಂದು ಕೇಳಿದೆ.

"ಸಾರೇ ಚಾಮರಾಜನಗರಕ್ಕೆ ಹೋಗಿ, ತಪ್ಪು ನಂದು, ಅವಳದಲ್ಲ ಅಂತ ಆಫೀಸರ ಹತ್ರ ಕೈಮುಗಿದು ಕೇಳ್ಕೊಂಡ್ರಂತೆ ಮೇಡಂ. ಇನ್ನೊಂದ್ ಚಾನ್ಸ್ ಕೊಟ್ರಂತೆ, ಅವರಿಗೆ ಕೆಲಸ ಸಿಕ್ತಂತೆ. ಈಗ್ಲೂ ಡಿ.ಸಿ. ಆಫೀಸಲ್ಲೇ ಇದಾರಂತೆ. ನೀವು ಯಾವತ್ತಾದ್ರೂ ಅಲ್ಲಿಗೆ ಹೋದ್ರೆ ಉಡಿಗಾಲದ ಮೇಡಂ ಯಾರು ಅಂತ ಕೇಳಿ ಅಂತಿದ್ರು."

ಅಂದರೆ ಏನು ಮಾಡಬೇಕಾಗಿತ್ತು ಎಂಬುದು ಆ ಮನುಷ್ಯನಿಗೆ ಗೊತ್ತಿತ್ತು. ಯಾರ ಹತ್ತಿರ ಹೋಗಬೇಕಿತ್ತು, ಯಾರು ಯಾರಿಗೆ ಕೈಮುಗಿಯಬೇಕಿತ್ತು, ಯಾವ ಮಾತು ಹೇಳಬೇಕಿತ್ತು, ಎಲ್ಲ ಗೊತ್ತಿತ್ತು. ಬಸ್ಸಿನಲ್ಲಿ ಕೂತು ನಾನು ಕಂಡ ಕನಸನ್ನೇ ಅವರು ವರ್ಷವರ್ಷವೂ ಮಕ್ಕಳಿಗೆ ನಡೆದದ್ದೆಂದು ಹೇಳಿಕೊಂಡು ಬಂದಿದ್ದರು. ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಬಸ್ಸು ಹತ್ತುವುದೊಂದು ಬಿಟ್ಟು ಮಿಕ್ಕಿದ್ದೆಲ್ಲ ಮಾಡಿದ್ದರು. ಥೂ ಎನ್ನಬೇಕೆನಿಸಿತು, ಅಂದೂಬಿಟ್ಟೆ. ಹುಡುಗಿ ಗಾಬರಿಯಾಗಿ ಅರ್ಜಿಯಲ್ಲಿ ಏನಾದರೂ ತಪ್ಪಿದೆಯಾ ಎಂದಳು. ಇಲ್ಲ ಎಂದೆ.

ಉಡಿಗಾಲದ ಆ ಮೇಡಂ ನಿಮಗೆ ಗೊತ್ತಾ ಎಂದು ಅವಳು ಕೇಳಿದಳು. ಗೊತ್ತಿಲ್ಲವೆಂದೆ. ಅವಳು ಅರ್ಜಿಯನ್ನು ಪೂರ್ತಿ ಬಿಚ್ಚಿ ಪ್ರಿಂಟ್ ಕೊಟ್ಟು, ಹಾಳೆಗಳನ್ನು ಜೋಡಿಸಿಕೊಂಡು ಕೋರ್ಟಿಗೆ ಹೊರಟಳು. ನಾನು ಅಲ್ಲೇ ಕೂತಿದ್ದೆ. ಮೇಷ್ಟ್ರ ಮೇಲಿನ ನನ್ನ ತಿರಸ್ಕಾರ ಒಂದು ಚೂರೂ ಕಮ್ಮಿಯಾಗಿರಲಿಲ್ಲ, ಆದರೂ ಎದೆಯಲ್ಲಿ ಏನೋ ಕಳೆದುಹೋದ ಹಾಗಿತ್ತು. ಆ ಕೆಲಸ ನನಗೆ ಸಿಗಬೇಕಾಗಿತ್ತು ಎಂದು ಈ ಭೂಮಿಯ ಮೇಲೆ ನಂಬಿದ್ದವರು ಇಬ್ಬರೇ, ನಾನು ಮತ್ತು ಆ ಸುಳ್ಳುಗಾರ. ಈಗ ನಾನೊಬ್ಬಳೇ ಉಳಿದಿದ್ದೇನೆ.